ದೇವಣ್ಣ ಹಿಡಿದಿಟ್ಟ ಲೈನು

ಚೌತಿ ಮುಗಿದು ದೋಣಿಗಳಿಗೆ ಬಂಗಡೆ ಬೀಳಲು ಶುರುವಾದ ವಾರವೇ ಮಾಲತಿಯ ಪ್ರೋಗ್ರಾಂ ಕೈಕೊಟ್ಟಿತು. ಅದು ಎರಡು ಸಾವಿರದ ಮೂರನೇ ಇಸವಿ. ಹೊನ್ನಾವರದ ವಿಶ್ವನಾಥನ ಐಸ್ ಫ್ಯಾಕ್ಟರಿಯಲ್ಲಿ ಒಂದು ಕಂಪ್ಯೂಟರು, ಅದಕ್ಕೆ ಎರಡು ಮೋಡೆಮು, ಎರಡು ಫೋನ್ ಲೈನು. ಭಟ್ಕಳದ ಡಿಪೋ, ಕುಮಟೆಯ ಡಿಪೋ ಎರಡೂ ಬೆಳಿಗ್ಗೆ ಆ ಲೈನಿನಲ್ಲಿ ಬಂದು ತಮಗೆಷ್ಟು ಐಸು ಬೇಕೆಂದು ಹೇಳಬೇಕು. ಯಾವ ಟೆಂಪೋ, ಯಾವ ಯಾವ ದೋಣಿಗೆ ಎಷ್ಟು ಎಂದು ಇಲ್ಲಿಂದ ಉತ್ತರ ಹೋಗಬೇಕು. ಇಷ್ಟನ್ನೂ ಸಿ ಭಾಷೆಯಲ್ಲಿ, ಲೈನು ನೋಡಿಕೊಳ್ಳುವ ಕೋಡಿನ ಒಂದು ಲೈಬ್ರರಿಯನ್ನೂ ತಾನೇ ಕಟ್ಟಿಕೊಂಡು ಬರೆದಿದ್ದಳು ಅಲ್ಲಿ ಕೆಲಸಕ್ಕಿದ್ದ ಮಾಲತಿ. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿದ್ದಾಗ ಪರೀಕ್ಷೆ ಮಾಡಿದ್ದಳು. ಆಗ ಚೆನ್ನಾಗಿಯೇ ಓಡಿತ್ತು.

ಈಗ ಬೆಳಗಾಯಿತೆಂದರೆ ನಿಂತುಬಿಡುತ್ತಿತ್ತು. ಎರಡೂ ಮೋಡೆಮಿನ ದೀಪ ಉರಿಯುತ್ತಿದೆ, ಎರಡೂ ಊರಿನವರು ಲೈನಿಗೆ ಬಂದಿದ್ದಾರೆ, ಪರದೆಯ ಮೇಲೆ ಮಾತ್ರ ಒಂದಕ್ಷರ ಇಲ್ಲ. ವಿಶ್ವನಾಥನ ಮೇಜಿನ ಮೇಲಿನ ಮಾಮೂಲಿ ಫೋನು ಬಡಿದುಕೊಳ್ಳುತ್ತಿತ್ತು.

"ಮಾಲತಕ್ಕ, ನಿಮ್ಮ ಕಂಪ್ಯೂಟರು ಎಂತ, ತಪಸ್ಸಿಗೆ ಕೂತಿದ್ಯಾ?" ಕುಮಟೆಯ ಡಿಪೋದಿಂದ ದೀಪಾ. "ಆರ್ಡರ್ ಕಳ್ಸಿ ಚಾ ಕುಡ್ದು ಲೋಟ ತೊಳ್ದಿಟ್ಟೆ. ಇಲ್ಲಿ ಮೀನು ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಾ ಉಂಟು."

"ಟೆಲಿಫೋನಿನದೇ ತೊಂದರೆ ಇರ್ಬೇಕು ದೀಪಾ."

ವಿಶ್ವನಾಥ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. "ಕುಣಿಯಲಾರದವಳಿಗೆ ನೆಲ ಡೊಂಕು," ಎಂದ. "ನೋಡು ಮಾಲತಿ, ಸೋಮವಾರದ ಒಳಗೆ ಸರಿಯಾದ್ರೆ ಆತು. ಇಲ್ದಿದ್ರೆ ಈ ಪೆಟ್ಟಿಗೆ ಮೇಲೆ ಗೋಣಿ ಮುಚ್ಚಿ, ಮೊದಲಿನ ಹಾಗೆ ಫೋನಲ್ಲೇ ಕೂಗೂದು. ನನ್ನ ಗಂಟಲೇ ಸಾಕು."

ಆ ಪೆಟ್ಟಿಗೆಯನ್ನು ತರಿಸಲು ಒಂದು ವರ್ಷ ಅವನ ಹಿಂದೆ ಬಿದ್ದವಳು ಅವಳೇ. ಗೋಣಿ ಮುಚ್ಚಿದರೆ ಮುಚ್ಚುವುದು ಅವಳ ಮುಖಕ್ಕೇ. ಆಮೇಲೆ ಈ ಫ್ಯಾಕ್ಟರಿಯಲ್ಲಿ ಅವಳ ಮಾತಿಗೆ ಯಾರೂ ಕಿವಿ ಕೊಡುವುದಿಲ್ಲ.

ಟೆಲಿಫೋನಿನವರು ಬಂದು ನೋಡಿ ಲೈನು ಸರಿ ಇದೆ ಎಂದರು. ಕೇಬಲ್ಲು ಬದಲಾಯಿಸಿದಳು, ಮೋಡೆಮು ಅದಲು ಬದಲು ಮಾಡಿದಳು. ಹೊರಗೆ ಐಸು ಪುಡಿ ಮಾಡುವ ಯಂತ್ರದ ಗದ್ದಲಕ್ಕೆ ಮೇಜೇ ಕುಣಿಯುತ್ತಿತ್ತು. ಕೊನೆಗೆ ಪ್ರೋಗ್ರಾಂ ಹೆಜ್ಜೆಹೆಜ್ಜೆಗೂ ಎಲ್ಲಿದ್ದೇನೆಂದು ಹೇಳುವಂತೆ ಸಾಲುಗಳನ್ನು ತುಂಬಿಸಿದಳು. ಮರುದಿನ ಅದು ಭಟ್ಕಳದ ಲೈನಿನ ರೀಡ್ ಎಂಬ ಸಾಲಿನ ಹತ್ತಿರ ನಿಂತಿತ್ತು. ಭಟ್ಕಳ ಸಂಪರ್ಕಕ್ಕೆ ಬಂದಿದೆ, ಆದರೆ ಮಾತಾಡುತ್ತಿಲ್ಲ. ಯಾಕೆ?

ಬಸ್ಸು ಹತ್ತಿ ಭಟ್ಕಳಕ್ಕೇ ಹೋದಳು. ಡಿಪೋದ ಬಾಗಿಲು ತೆರೆದಿತ್ತು, ಮೋಡೆಮಿನ ದೀಪ ಉರಿಯುತ್ತಿತ್ತು, ಕುರ್ಚಿಯಲ್ಲಿ ಯಾರೂ ಇಲ್ಲ. ಡಿಪೋ ನೋಡಿಕೊಳ್ಳುವ ದೇವು ಸುಮಾರು ಹೊತ್ತಿನ ಮೇಲೆ ದೋಣಿ ಕಟ್ಟುವ ದಕ್ಕೆಯ ಕಡೆಯಿಂದ ಬಂದ, ಪಕ್ಕದ ಊರು ಬೆಳಕೆಯಿಂದ ದಿನಾ ಸೈಕಲ್ಲಿನಲ್ಲಿ ಬರುವ ಮನುಷ್ಯ.

"ಓ, ಅಕ್ಕೋರು! ಇಷ್ಟು ದೂರ ಎಂತಕ್ಕೆ ಬಂದ್ರಿ?"

"ದೇವಣ್ಣ, ಲೈನು ಹಚ್ಚಿಟ್ಟು ಎಲ್ಲಿಗೆ ಹೋಗಿದ್ರಿ?"

"ದೋಣಿ ನೋಡ್ಲಿಕ್ಕೆ. ದೋಣಿ ಬರದೇ ಎಷ್ಟು ಐಸು ಬೇಕು ಅಂತ ಹೇಳೂದು ಹ್ಯಾಗೆ?"

"ಮತ್ತೆ ಲೈನು ಯಾಕೆ ಈಗ್ಲೇ?"

ಇವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನಕ್ಕ. "ಆಮೇಲೆ ಸಿಗೂದಿಲ್ಲ ಅಲ್ದಾ! ಸೂರ್ಯ ಏರಿದ ಮೇಲೆ ಊರೆಲ್ಲ ಫೋನಿಗೆ ಕೂರ್ತದೆ, ತಿರುಗ್ಸಿದ್ರೆ ಬರೀ ಕುಂಯ್ ಕುಂಯ್. ಅದ್ಕೇ ಬೆಳಿಗ್ಗೆನೇ ಹಿಡ್ದಿಡೂದು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕೂದಿಲ್ವಾ ನೀವು?"

ಮಾಲತಿಗೆ ಸಿಟ್ಟು ನೆತ್ತಿಗೇರಿತು. "ನೀವು ಟವೆಲ್ ಹಾಕಿ ಹೋಗ್ತೀರಿ, ಅಲ್ಲಿ ನನ್ನ ಮಾನ ಹೋಗ್ತದೆ. ಇನ್ನು ಮೇಲೆ ದೋಣಿ ಬಂದ ಮೇಲೇ ಫೋನ್ ತಿರುಗ್ಸಿ!"

"ಆತು, ಆತು. ಬೈಬೇಡಿ. ಒಂದು ಸೋಡಾ ಕುಡೀರಿ."

ಮರುದಿನ ದೇವು ಅವಳು ಹೇಳಿದಂತೆಯೇ ಮಾಡಿದ. ಕುಮಟೆಯ ಆರ್ಡರು ಸಲೀಸಾಗಿ ಬಂತು. ದೇವುವಿಗೆ ಮಾತ್ರ ಲೈನು ಸಿಗಲೇ ಇಲ್ಲ. ಎರಡು ದೋಣಿಯ ಮೀನು ಬಿಸಿಲಿಗೆ ಮೆತ್ತಗಾಗಿ ಗೊಬ್ಬರಕ್ಕೆ ಹೋಯಿತು. ಅದರ ಮರುದಿನ ಅವನು ಬೆಳಗಾಗುವ ಮೊದಲೇ ಲೈನು ಹಿಡಿದ.

ಕೆಲಸಕ್ಕೆ ಹೋಗುವ ಬರುವ ಬಸ್ಸಿನಲ್ಲೆಲ್ಲ ಅವಳಿಗೆ ಅದೇ ಯೋಚನೆ. ಟವೆಲ್ ಹಾಕಿದವನ ತಪ್ಪೇನು? ಅವನು ಬರುವವರೆಗೆ ಇಡೀ ಬಸ್ಸನ್ನೇ ಹೊರಡಿಸದ ಡ್ರೈವರನಂಥ ಪ್ರೋಗ್ರಾಂ ಬರೆದವಳು ತಾನು. ರೀಡ್ ಎಂದರೆ ಓದು. ಓದಲು ಏನೂ ಬಂದಿಲ್ಲವಾದರೆ ಬರುವ ತನಕ, ಇನ್ನೊಂದು ಲೈನು ಕೂಗಿದರೂ, ಅಲ್ಲೇ ಕೂತಿರು ಎಂದೇ ಅವಳು ಅದಕ್ಕೆ ಹೇಳಿಕೊಟ್ಟಿದ್ದಳು. ಮಳೆಗಾಲದ ಪರೀಕ್ಷೆಯಲ್ಲಿ ಲೈನು ಹಚ್ಚಿದ ಕೂಡಲೇ ಎಲ್ಲರೂ ಮಾತಾಡಿದ್ದರು. ಮೀನು ಬರುವ ಕಾಲದಲ್ಲಿ ಯಾರು ಹಾಗೆ ಮಾತಾಡುತ್ತಾರೆ?

ಲೈಬ್ರರಿಯನ್ನು ಬುಡದಿಂದ ಕಿತ್ತಳು. ಯಾರೊಬ್ಬರ ಮುಂದೆಯೇ ಕಾಯುತ್ತ ಕೂರಬಾರದು. ಕಂಪ್ಯೂಟರಿಗೆ ಕೊಡುವ ಪೋಲ್ ಎಂಬ ಒಂದು ಆಜ್ಞೆ ಇದೆ: ಎಲ್ಲರನ್ನೂ ಒಟ್ಟಿಗೇ ಕಾಯುತ್ತದೆ, ಯಾರಲ್ಲಿ ಮಾತು ಬಂತೋ ಅವರ ಹೆಸರು ಹೇಳುತ್ತದೆ. ಆಗ ಅವರ ಪಾಲಿನ ಕೆಲಸವನ್ನಷ್ಟೇ ಕರೆದು ಮಾಡಿಸಬೇಕು. ಕೇಳಲು ಸುಲಭ. ಬರೆಯಲು ಕೂತರೆ, ನೆಟ್ಟಗೆ ಹೋಗುತ್ತಿದ್ದ ಪ್ರೋಗ್ರಾಂ ಚೂರುಚೂರಾಗಿ, ಯಾವ ಚೂರು ಯಾವಾಗ ಓಡುತ್ತದೆಂದು ಅವಳಿಗೇ ತಿಳಿಯದಂತಾಯಿತು. ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಮಧ್ಯಾಹ್ನದ ಬುತ್ತಿ ಹಾಗೇ ತಣ್ಣಗಾಯಿತು.

ಶನಿವಾರ ಓಡಿಸಿದಳು. ಭಟ್ಕಳ ಸುಮ್ಮನಿತ್ತು, ಕುಮಟೆಗೆ ಉತ್ತರ ಹೋಯಿತು. ಉಸಿರು ಬಿಡುವಷ್ಟರಲ್ಲಿ ಭಟ್ಕಳವೂ ಆರ್ಡರು ಕಳಿಸಿತು, ಅದರ ಬೆನ್ನಿಗೇ ಕುಮಟೆಯಿಂದ ಇನ್ನೊಂದು ಆರ್ಡರು ಬಂತು. ಬಹಳ ಸಲ ತಿರುಗಿಸಿ ಲೈನು ಸಿಕ್ಕಿದ ಮೇಲೆ ದೇವುವಿನ ಫೋನು.

"ಅಕ್ಕೋರೆ, ಪಟ್ಟಿಯ ತಲೆ ನಂದು, ಬಾಲ ಕುಮಟೆದು! ಆ ಬಾಲದ ದೋಣಿಗಳನ್ನ ನಾನು ಎಲ್ಲಿಂದ ತರೂದು?"

ವಿಶ್ವನಾಥ ಗೋಣಿ ಹುಡುಕುವವನಂತೆ ಸುತ್ತ ಕಣ್ಣಾಡಿಸಿದ. ಮಾಲತಿಗೆ ಕೀಲಿಮಣೆಯನ್ನು ಎತ್ತಿ ಶರಾವತಿಗೆ ಎಸೆಯಬೇಕೆನ್ನಿಸಿತು.

ಎಸೆಯಲಿಲ್ಲ. ಭಾನುವಾರ ಯಂತ್ರ ನಿಂತಿತ್ತು, ಫ್ಯಾಕ್ಟರಿ ತಣ್ಣಗಿತ್ತು. ಕೂತು ಒಂದೊಂದೇ ಸಾಲು ಓದಿದಳು. ದೋಣಿಗಳ ಪಟ್ಟಿ ಉದ್ದ, ಮೋಡೆಮು ನಿಧಾನ. ಅರ್ಧ ಪಟ್ಟಿ ಹೋಗಿ ಲೈನು "ತಡಿ" ಎಂದಾಗ ಪ್ರೋಗ್ರಾಂ ತಡೆಯದೆ ಮುಂದಿನ ಕೆಲಸಕ್ಕೆ ಓಡುತ್ತಿತ್ತು. ಓಡಲಿ ಎಂದೇ ಬರೆದಿದ್ದಳು. ಆದರೆ ಭಟ್ಕಳದ ಉಳಿದರ್ಧವನ್ನು ಕೂಡಿಟ್ಟಿದ್ದ ಬಫರಿಗೇ ಕುಮಟೆಯ ಎರಡನೇ ಪಟ್ಟಿಯನ್ನೂ ಸುರಿಯುತ್ತಿತ್ತು. ಒಬ್ಬರ ಪಾತ್ರೆ ಖಾಲಿಯಾಗುವ ಮೊದಲೇ ಅದರಲ್ಲೇ ಇನ್ನೊಬ್ಬರಿಗೆ ಬಡಿಸಿದಂತೆ. ಕಾದು ಕೂರುವ ಕಾಲದಲ್ಲಿ ಎಲ್ಲರಿಗೂ ಒಂದೇ ಪಾತ್ರೆ ಸಾಕಾಗಿತ್ತು. ಈಗ ಪ್ರತಿಯೊಬ್ಬರಿಗೂ ಅವರವರದು ಬೇಕು. ಕೊನೆಯ ಅಕ್ಷರ ಹೋಗುವ ತನಕ ಅದನ್ನು ಯಾರೂ ಮುಟ್ಟಬಾರದು. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಗುರುತು ಪಾತ್ರೆಯ ಜೊತೆಗೇ ಇರಬೇಕು. ಸಂಜೆಯೊಳಗೆ ಅಷ್ಟು ಬರೆದು ಎದ್ದಳು.

ಸೋಮವಾರ ದೇವು ಎಂದಿನಂತೆ ಬೇಗ ಲೈನು ಹಿಡಿದು ದಕ್ಕೆಗೆ ಹೋದ. ಕುಮಟೆಯ ಆರ್ಡರು ಬಂತು, ಟೆಂಪೋ ಹೊರಟಿತು. ದೋಣಿ ಬಂದ ಮೇಲೆ ಭಟ್ಕಳದ್ದೂ ಬಂತು. ಅಲ್ಲಿಗೆ ಹೋದ ಪಟ್ಟಿಯ ತಲೆಯೂ ಅದರದೇ, ಬಾಲವೂ ಅದರದೇ. ಮೇಜಿನ ಫೋನು ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಮಾಲತಿ ಮಾತ್ರ ಪರದೆಯಿಂದ ಕಣ್ಣು ಕೀಳದೆ, ಈಗ ನಿಂತೀತು, ಈಗ ನಿಂತೀತು ಎಂದು ಕೂತೇ ಇದ್ದಳು.

ಎರಡನೇ ಟೆಂಪೋ ಗೇಟು ದಾಟಿದ ಮೇಲೆ ವಿಶ್ವನಾಥ ಬಂದು ಅವಳ ಹಿಂದೆ ನಿಂತ.

"ಎಂತ ಮಾಡ್ದೆ?"

ಅವಳು ಹೇಳಿದಳು. ಕಾಯುವುದು, ಕಾಯದಿರುವುದು, ಒಬ್ಬೊಬ್ಬರಿಗೆ ಒಂದೊಂದು ಪಾತ್ರೆ. ಅವನು ಎಲ್ಲವನ್ನೂ ಕೇಳಿದ.

"ಇಷ್ಟೇನಾ?" ಎಂದ. "ಮೊದಲೇ ಹೀಗೆ ಬರೀಬಾರ್ದಿತ್ತಾ ಮಾರಾಯ್ತಿ?"

ಮಾಲತಿ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಬುತ್ತಿ ಬಿಚ್ಚಿ, ವಾರದಲ್ಲಿ ಮೊದಲ ಸಲ ಅನ್ನ ಬಿಸಿ ಇರುವಾಗಲೇ ಉಂಡಳು.