ಮಾತಾಡಿಸುವ ಡಾಕ್ಟ್ರು

"ಆ ಡಾಕ್ಟ್ರ್ ಎಲ್ ಕೂಕಂತ್ರ್ ಮರಾಯ್ರೆ?" ಬಚ್ಚ ಮೆಡಿಕಲ್ ಶಾಪಿನ ಗಾಜಿನ ಕಟ್ಟೆಯ ಮೇಲೆ ಬಗ್ಗಿ ಪಿಸುಗುಟ್ಟಿದ.

"ಯಾವ್ ಡಾಕ್ಟ್ರ್?"

"ಅದೇ... ಮಾತಾಡ್ಸು ಡಾಕ್ಟ್ರ್."

ಕುಂದಾಪುರದ ಪೇಟೆಯಲ್ಲಿ ಹಲ್ಲಿನ ಡಾಕ್ಟರು ಎಲ್ಲಿ ಎಂದು ರಸ್ತೆಯ ಆಚೆ ಬದಿಯಿಂದ ಕೂಗಿ ಕೇಳಬಹುದು. ಕಣ್ಣಿನವರನ್ನು, ಮಂಡಿಯವರನ್ನು, ಮೂಲವ್ಯಾಧಿಯವರನ್ನು ಕೂಡ ನಾಲ್ಕು ಜನರ ಎದುರಿಗೇ ವಿಚಾರಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಈ ಡಾಕ್ಟರನ್ನು ಮಾತ್ರ ಮೆಲ್ಲಗೆ ಕೇಳಬೇಕು. ಎಷ್ಟು ಮೆಲ್ಲಗೆ ಕೇಳಿದರೂ ಉತ್ತರ ಊರಿಗೆಲ್ಲ ಕೇಳುವ ಹಾಗೆಯೇ ಬರುತ್ತದೆ.

"ಓ, ಕೌನ್ಸೆಲಿಂಗಾ!" ಎಂದ ಅಂಗಡಿಯ ಉಮಾನಾಥ. ಬಚ್ಚನ ಹೆಂಡತಿ ಸರೋಜಳ ಬುಟ್ಟಿಯಿಂದ ವಾರಕ್ಕೆರಡು ಸಲ ಮೀನು ಕೊಳ್ಳುವ ಮನುಷ್ಯ, ಗುರುತು ಸಿಗದೆ ಇರುತ್ತದೆಯೇ? "ಯಾರಿಗ್ ಬಚ್ಚಣ್ಣ? ಮನಿಯಲ್ ಯಾರಿಗಾರೂ?"

ಜ್ವರದ ಮಾತ್ರೆಗೆ ನಿಂತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. 

"ನಂಗೇ," ಎಂದುಬಿಟ್ಟ. "ನಿದ್ರಿ ಬತ್ತಿಲ್ಲ ಮರಾಯ್ರೆ."

ಇನ್ನು ಸಂಜೆಯೊಳಗೆ ಹೊಳೆಯಾಚೆಯ ತನ್ನೂರು ಗಂಗೊಳ್ಳಿಯಲ್ಲಿ ಬಚ್ಚನಿಗೆ ತಲೆ ಸರಿಯಿಲ್ಲ ಎಂಬ ಸುದ್ದಿ ಬಂದರಿನ ಐಸ್ ಪ್ಲಾಂಟಿನವರೆಗೂ ಹೋಗಿರುತ್ತದೆ. ಹೋಗಲಿ. ಮಗಳ ಹೆಸರು ಜನರ ಬಾಯಿಗೆ ಬೀಳುವುದಕ್ಕಿಂತ ಅದೇ ವಾಸಿ ಎಂದುಕೊಂಡ. ಟೈಲರ್ ಅಂಗಡಿಯ ಮೇಲಿನ ಕೋಣೆ, ಬ್ರಹ್ಮಾವರದ ಕಡೆಯ ಮೇಡಂ, ಹೆಸರು ವಿನಯಾ ಎಂದು ತಿಳಿದುಕೊಂಡು, ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಲುಂಗಿಗೆ ತಾಗದಂತೆ ದೂರ ಹಿಡಿದು ಮೆಟ್ಟಿಲು ಹತ್ತಿದ.

ಚೀಲದಲ್ಲಿ ಕಾಣೆ ಮೀನಿತ್ತು. ದೊಡ್ಡವರ ಹತ್ತಿರ ಕೆಲಸವಿಟ್ಟುಕೊಂಡು ಬರಿಗೈಯಲ್ಲಿ ಹೋದವನಲ್ಲ ಬಚ್ಚ. ಬೆಳಿಗ್ಗೆ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಬೀಸಿದ ಬಲೆಗೆ ಬಿದ್ದ ಒಳ್ಳೆಯ ಮೀನನ್ನೇ ಆರಿಸಿ ತಂದಿದ್ದ.

ಅವನ ಮಗಳು ಪೂಜಿತಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಮಗು, ತಾಯಿಯ ಹಾಗೆಯೇ ಅಗಲ ಹಣೆ. ಗಂಡ ಯೋಗೀಶ್ ಮುಂಬಯಿಯ ಹೋಟೆಲಿನಿಂದ ದಿನಾ ವಿಡಿಯೊ ಕಾಲ್ ಮಾಡಿ "ಮಗು ತೋರ್ಸ್, ಮಗು ತೋರ್ಸ್" ಎನ್ನುತ್ತಿದ್ದ. ಪೂಜಿತಾ ಫೋನನ್ನು ತೊಟ್ಟಿಲಿನ ಕಡೆ ತಿರುಗಿಸಿ ತಾನು ಗೋಡೆ ನೋಡುತ್ತ ಕೂರುತ್ತಿದ್ದಳು. ಮೊದಮೊದಲು ದಣಿವು ಎಂದರು. ಆಮೇಲೆ ದೃಷ್ಟಿ ತೆಗೆದರು. ಆಮೇಲೆ ಒಂದು ಮಧ್ಯಾಹ್ನ ಬಚ್ಚ ಜಗಲಿಯಲ್ಲಿ ಬಲೆಯ ಹರಕು ಹೆಣೆಯುತ್ತಿದ್ದಾಗ, ಒಳಗಿನಿಂದ ಅವಳ ಮಾತು ಕೇಳಿಸಿತು. ಮಗುವಿನ ಹತ್ತಿರ ಹೇಳುತ್ತಿದ್ದಳು: "ನೀ ಅಜ್ಜಿ ಹತ್ರವೇ ಇರ್. ನಾನಿಲ್ದಿದ್ರೂ ನಿಂಗ್ ಎಂತ ಆತಿಲ್ಲ."

ಅದರ ಮರುದಿನ ಅವಳು ಬಾವಿಯ ಕಟ್ಟೆ ಹಿಡಿದು ಒಳಗೆ ನೋಡುತ್ತ ನಿಂತದ್ದನ್ನು ಕಂಡ. ಹತ್ತಿರ ಹೋಗಿ, "ಬಿಸಿಲ್ ಮಗಾ, ಒಳ್ಗ್ ಹೋಪ" ಎಂದು ಕೈ ಹಿಡಿದು ಕರೆತಂದ. ಅಂದೇ ಹಳೆಯ ದಪ್ಪ ಬಲೆಯೊಂದನ್ನು ಬಾವಿಯ ಬಾಯಿಗೆ ಹಾಸಿ, ಕೊಡ ಇಳಿಯುವಷ್ಟು ಮಾತ್ರ ಜಾಗ ಬಿಟ್ಟು, ಸುತ್ತ ಬಿಗಿದು ಕಟ್ಟಿದ. ಸರೋಜ ಕೇಳಿದ್ದಕ್ಕೆ ತರಗೆಲೆ ಬೀಳುತ್ತದೆ ಎಂದ. 

ಮಗುವಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ ಸುಂದರಿಯನ್ನು ತೆಂಗಿನ ಬುಡಕ್ಕೆ ಕರೆದು ಕೇಳಿದಾಗ ಅವಳೇ ಹೇಳಿದ್ದು: "ಹೆತ್ತ್ ಮೇಲೆ ಸುಮಾರ್ ಜನಕ್ಕೆ ಹೀಂಗ್ ಆತ್ ಬಚ್ಚಣ್ಣ. ಅದ್ ಸೋಂಕಲ್ಲ, ದೃಷ್ಟಿ ಅಲ್ಲ. ಕುಂದಾಪ್ರದಲ್ಲ್ ಒಬ್ರ್ ಇದ್ರ್. ಕೂರ್ಸಿ ಮಾತಾಡ್ಸ್ತ್ರ್. ತಡ ಮಾಡ್ಬೇಡಿ."

ಕೋಣೆಯಲ್ಲಿ ಬಚ್ಚ ಎಣಿಸಿದ ಹಾಗೆ ದೊಡ್ಡ ಮೇಜಿರಲಿಲ್ಲ, ಕುತ್ತಿಗೆಗೆ ಕೊಳವೆ ಹಾಕಿಕೊಂಡ ಡಾಕ್ಟರೂ ಇರಲಿಲ್ಲ. ಎರಡು ಬೆತ್ತದ ಕುರ್ಚಿ, ಒಂದು ಫ್ಯಾನು, ಕಾಟನ್ ಸೀರೆಯ ನಡುವಯಸ್ಸಿನ ಒಬ್ಬ ಹೆಂಗಸು.

"ನಾನ್ ಡಾಕ್ಟ್ರ್ ಅಲ್ಲ, ಕೌನ್ಸೆಲರ್. ಕೂಕಣಿ," ಎಂದಳು ವಿನಯಾ. ತನ್ನ ಮನೆಯ ಮಾತೇ ಆ ಬಾಯಿಂದ ಬಂದದ್ದು ಕೇಳಿ ಬಚ್ಚನ ಅರ್ಧ ಹೆದರಿಕೆ ಇಳಿಯಿತು. ಚೀಲ ಮುಂದಕ್ಕೆ ಚಾಚಿದ.

"ಎಂತ ಇದ್?"

"ಕಾಣಿ ಮೀನ್. ಬೆಳಿಗ್ಗಿದೇ."

ವಿನಯಾ ಚೀಲದೊಳಗೆ ಇಣುಕಿದಳು. ಒಂದು ಸಲ ಇಣುಕಿದ್ದು ಸಾಲದೆಂಬಂತೆ ಇನ್ನೊಂದು ಸಲ ಇಣುಕಿದಳು. ಬ್ರಹ್ಮಾವರದಲ್ಲಿ ಹುಟ್ಟಿ ಬೆಳೆದವರಿಗೆ ಕಾಣೆ ಮೀನನ್ನು ಬೇಡ ಎನ್ನುವುದು ಎಷ್ಟು ಕಷ್ಟ ಎಂದು ಬಚ್ಚನಿಗೆ ಗೊತ್ತಿತ್ತು. ಆದರೂ ಅವಳು ಚೀಲದ ಬಾಯಿ ಮಡಚಿ ಹಿಂದಕ್ಕೇ ಕೊಟ್ಟಳು.

"ಎಷ್ಟ್ ಚಂದ ಇತ್ ಮರಾಯ್ರೆ. ಆರೆ ನಮ್ಮ್ ಕೆಲ್ಸದಲ್ಲ್ ಇದ್ನೆಲ್ಲ ತಕಂಬುಕಾಗ. ನಮ್ಗೊಂದ್ ನೇಮ ಇತ್. ಬಾಗ್ಲ ಹೊರ್ಗೆ ತೂಗ್ಸಿ, ಹೋಪತಿಗೆ ತಕಂಡ್ ಹೋಯ್ನಿ. ಈಗ ಹೇಳಿ."

ಬಚ್ಚ ಹೇಳಿದ. ಮೊದಲು ತನಗೇ ನಿದ್ದೆಯಿಲ್ಲವೆಂದ, ಆಮೇಲೆ ಗುರುತಿನವರ ಮಗಳೊಬ್ಬಳಿಗೆ ಎಂದ. ವಿನಯಾ ಎರಡಕ್ಕೂ ಹೂಂ ಎನ್ನುತ್ತ ಸುಮ್ಮನೆ ಕೂತಿದ್ದಳು. "ನನ್ ಮಗ್ಳೇ," ಎಂದ ಬಚ್ಚ ಕೊನೆಗೆ. ಬಾವಿಯ ಮಾತು ಬಂದಾಗ, ದೋಣಿ ಮಗುಚಿ ಇಡೀ ರಾತ್ರಿ ನೀರಲ್ಲಿದ್ದು ಬಂದಾಗಲೂ ಅಳದಿದ್ದ ಗಂಡಸು, ಹೆಗಲ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ವಿನಯಾ ಅವನ ಅಳು ಮುಗಿಯುವವರೆಗೆ ಕಾದಳು. "ಬಾವಿಗ್ ಬಲೆ ಹಾಕದ್ದ್ ಒಳ್ಳೇದಾಯ್ತ್. ಆರೆ ಬಲೆ ಸಾಕಾತಿಲ್ಲ. ಅವ್ಳನ್ನ್ ಒಂದ್ ಗಳ್ಗಿಯೂ ಒಬ್ಳನ್ನೇ ಬಿಡ್ಬೇಡಿ. ಮದ್ದ್ ಬೇಕಾರೆ ಅದ್ಕೆ ಬೇರೆ ಡಾಕ್ಟ್ರ್ ಇದ್ರ್, ನಾನೇ ಕರ್ಕಂಡ್ ಹೋತೆ. ನಾಳೆಯೇ ಇಲ್ಲಿಗ್ ಕರ್ಕಂಬನಿ."

"ಅದೇ ಆಪುದಿಲ್ಲ." ಬಚ್ಚ ಮೂಗು ಒರೆಸಿಕೊಂಡ. "ಬಾಣಂತಿ ಹೊಳಿ ದಾಟುಕಾಗ. ಬಸ್ಸಲ್ಲ್ ಬಂದ್ರೂ ಸೇತ್ವೆ ದಾಟ್ಕ್. ನನ್ನಬ್ಬಿ ಇದ್ಳ್ ಕಾಣಿ, ಮೂರ್ ತಿಂಗ್ಳ್ ಆಗ್ದೆ ಅವ್ಳ್ ಹೊಸ್ಲ್ ದಾಟುಕೇ ಬಿಡ್ವವ್ಳಲ್ಲ."

ಅವನ ತಾಯಿ ಅಮ್ಮಣ್ಣಿ ಬಾಣಂತಿಯರ ವಿಷಯದಲ್ಲಿ ಕೇರಿಗೇ ಪೊಲೀಸು. ಎಣ್ಣೆ, ಬಿಸಿನೀರು, ಲೇಹ ಎಲ್ಲ ಅವಳ ಕೈಯಿಂದಲೇ ಆಗಬೇಕು. ಬಾಣಂತಿ ಹೊಳೆ ದಾಟಿದರೆ ತಾಯಿಗೋ ಮಗುವಿಗೋ ಕೇಡು ಎಂದು ಅವಳು ನಂಬಿದ್ದಳು. ನಿಜ ಹೇಳಬೇಕೆಂದರೆ ಬಚ್ಚನೂ ಸ್ವಲ್ಪ ನಂಬಿದ್ದ.

ವಿನಯಾ ಕಿಟಕಿಯಾಚೆ ನೋಡಿ ಯೋಚಿಸಿದಳು. ಮನೆಗೆ ಹೋದರೆ ಯಾರೂ ಬಾಯಿ ಬಿಡುವುದಿಲ್ಲ, ಗೋಡೆಗೂ ಕಿವಿ ಇರುತ್ತದೆ, ಹಾಗಾಗಿ ಮನೆಗೆ ಹೋಗುವುದಿಲ್ಲ ಎಂಬುದು ಅವಳ ಇನ್ನೊಂದು ನೇಮ.

"ನಿಮ್ ನೇಮ ಮುರಿ ಅಂದ್ ನಾನ್ ಹೇಳ್ತಿಲ್ಲ," ಎಂದಳು. "ನಂದನ್ನ್ ನಾನ್ ಮುರಿತೆ. ಒಂದೇ ಸಲ. ಮುಂದಿಂದ್ ಎಂತ ಅಂದ್ ಅವ್ಳೇ ಹೇಳ್ಲಿ."

ಮರುದಿನ ಬಚ್ಚ ತನ್ನ ದೋಣಿಯಲ್ಲೇ ಅವಳನ್ನು ಕರೆತಂದ. ತಾಯಿಗೆ ಮಾತ್ರ, ಸರೋಜಳಿಂದ ಮೀನು ತೆಗೆದುಕೊಳ್ಳುವ ಮನೆಯವರು, ಮಗು ನೋಡಲು ಬರುತ್ತಾರೆ ಎಂದು ಸುಳ್ಳು ಹೇಳಿಟ್ಟಿದ್ದ. ಸುಳ್ಳೇನೋ ಗಟ್ಟಿಯಾಗಿಯೇ ಇತ್ತು. ಆದರೆ ಮಗು ನೋಡಲು ಬಂದವರು ಏನು ಮಾಡಬೇಕು ಎಂಬುದನ್ನು ವಿನಯಾಳಿಗೆ ಹೇಳಿಕೊಡಲು ಮರೆತಿದ್ದ.

ಮಗು ನೋಡಲು ಬರುವವರಿಗೆ ಒಂದು ಕ್ರಮವಿದೆ. ಕಾಲು ತೊಳೆದು ನೇರ ತೊಟ್ಟಿಲಿಗೆ ಬರುತ್ತಾರೆ. ಮೂಗು ಅಪ್ಪನದು, ಹಣೆ ಅಮ್ಮನದು ಎಂದು ಹಂಚುತ್ತಾರೆ, ಮಗುವಿನ ಮುಷ್ಟಿಗೆ ನೋಟು ತುರುಕುತ್ತಾರೆ, ಚಾ ಕುಡಿದು ಹೋಗುತ್ತಾರೆ. ಈ ಒಂದು ತಿಂಗಳಲ್ಲಿ ಅರ್ಧ ಗಂಗೊಳ್ಳಿ ಹಾಗೆ ಬಂದು ಹೋಗಿತ್ತು. ಅಮ್ಮಣ್ಣಿ ಮಗುವಿನ ಹಣೆಗೆ ಕಪ್ಪು ಬೊಟ್ಟಿಟ್ಟು ತೊಟ್ಟಿಲ ಪಕ್ಕ ಸಿದ್ಧವಾಗಿ ನಿಂತಿದ್ದಳು.

ವಿನಯಾ ತೊಟ್ಟಿಲನ್ನು ದಾಟಿ ಹೋದಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಪೂಜಿತಾಳ ಚಾಪೆಯ ಪಕ್ಕ ನೆಲದ ಮೇಲೆಯೇ ಕೂತು, "ಪೂಜಿತಾ, ನಿಂಗ್ ನಿದ್ರಿ ಬತ್ತಾ?" ಎಂದು ಕೇಳಿದಳು.

ಪೂಜಿತಾ ನಿಧಾನವಾಗಿ ತಿರುಗಿದಳು. ತನ್ನ ಹಿಂದೆ ಇನ್ನು ಯಾರನ್ನೋ ಕೇಳಿರಬೇಕು ಎಂಬಂತೆ ನೋಡಿದಳು.

"ನಂಗಾ?"

"ನಿಂಗೇ."

ಪೂಜಿತಾ ಎದ್ದು ಕೂತಳು. ವಿನಯಾ ಎದ್ದು ಬಂದು, ಎಲ್ಲರನ್ನೂ ಮೆಲ್ಲಗೆ ಹೊರಗೆ ಕಳಿಸಿ, ಬಾಗಿಲು ಓರೆ ಮಾಡಿದಳು. ಸರೋಜ ಮಗುವನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ಜಗಲಿಯಲ್ಲಿ ತಾಯಿ ಮಗ ಇಬ್ಬರೇ ಉಳಿದರು.

"ಮಗು ಕಾಂಬುಕ್ ಬಂದದ್ದಂಬ್ರ್!" ಅಮ್ಮಣ್ಣಿ ಉರಿದುಬಿದ್ದಳು. "ತೊಟ್ಲ್ ಬದಿಗ್ ತಿರ್ಗಿಯೂ ಕಾಣ್ಲ. ಯಾರಾ ಅದ್? ನಿಜ ಹೇಳ್."

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಬಚ್ಚ ತಲೆ ತಗ್ಗಿಸಿ ಎಲ್ಲ ಹೇಳಿದ. ಮೆಡಿಕಲ್ ಶಾಪಿನಿಂದ ಹಿಡಿದು ಅಂದು ಮಧ್ಯಾಹ್ನ ಪೂಜಿತಾ ಮಗುವಿಗೆ ಹೇಳಿದ ಮಾತಿನವರೆಗೆ. ಬಾವಿಯದನ್ನು ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗ ಅಮ್ಮಣ್ಣಿಯೇ ತಡೆದಳು.

"ಅದ್ ಗೊತ್ತಿತ್. ಬಾವಿ ಹತ್ರ ಒಂದ್ ಮರ ಇಲ್ಲ, ಎಂತ ತರ್ಗೆಲಿ ಬೀಳುದ್ ನಿನ್ ತಲಿ?" ಅವಳ ಸಿಟ್ಟು ಎಲ್ಲಿ ಹೋಯಿತೋ. "ಅವತ್ತಿಂದ ನಾನ್ ಅವ್ಳ್ ಬಾಗ್ಲಿಗ್ ಅಡ್ಡ ಮಲ್ಗುದ್. ಮದ್ದ್ ಮಾಡ್ದೆ, ಬಿಸ್ನೀರ್ ಹೊಯ್ದೆ. ನಂಗ್ ಗೊತ್ತಿಪ್ಪುದೆಲ್ಲ ಮಾಡ್ದೆ. ಇನ್ನೆಂತ ಮಾಡುದಂದ್ ನಂಗ್ ಗೊತ್ತಾತಿಲ್ಲ ಮಗಾ."

ಗಂಡ ಸತ್ತಾಗಲೂ ಮನೆಯವರಿಗೆಲ್ಲ ಏನು ಮಾಡಬೇಕೆಂದು ಹೇಳಿದ್ದ ಮುದುಕಿ ಅವಳು. ಆ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಬಚ್ಚ ಕೇಳಿದ್ದು ಅದೇ ಮೊದಲು. ಅವನಿಗೆ ತಾಯಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಒಳಗಿನಿಂದ ಪೂಜಿತಾಳ ಅಳು ಕೇಳಿಸಿತು, ತಡೆಯಿಲ್ಲದ ದೊಡ್ಡ ಅಳು. ಬಚ್ಚ ಎದ್ದ. ಅಮ್ಮಣ್ಣಿ ಅವನ ಲುಂಗಿ ಹಿಡಿದೆಳೆದು ಕೂರಿಸಿದಳು.

"ಅಳ್ಲಿ. ಕೂಕೊ."

ಬಾಗಿಲು ತೆರೆಯುವಾಗ ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿದಿತ್ತು. ವಿನಯಾಳ ಹಿಂದೆ ಪೂಜಿತಾ ಬಂದು ನಿಂತಳು. ಕಣ್ಣು ಊದಿದ್ದವು, ಕೂದಲು ಕೆದರಿತ್ತು. ಗುಣವಾದವಳ ಹಾಗೇನೂ ಕಾಣುತ್ತಿರಲಿಲ್ಲ. ಆದರೆ ಅವಳು ಅಪ್ಪನ ಮುಖವನ್ನು ನೇರ ನೋಡಿದಳು. ಎಷ್ಟೋ ದಿನವಾಗಿತ್ತು ಹಾಗೆ ನೋಡಿ.

"ಅಪ್ಪಯ್ಯ, ಇವ್ರ್ ಇನ್ನ್ ಇಲ್ಲಿಗ್ ಬತ್ತಿಲ್ಲ ಅಂಬ್ರ್," ಎಂದಳು. "ನಾನೇ ಹೋತೆ. ಹೊಳಿ ದಾಟ್ತೆ."

ಅಡುಗೆಮನೆಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡಿದ್ದ ಸರೋಜಳೂ ಸೇರಿ ಎಲ್ಲರ ಕಣ್ಣು ಅಮ್ಮಣ್ಣಿಯ ಮೇಲೆ. ಮುದುಕಿ ಯಾರ ಮುಖವನ್ನೂ ನೋಡದೆ ಎದ್ದು ಒಳಗೆ ಹೋದಳು. ಸಿಟ್ಟು ಬಂತು ಎಂದೇ ಬಚ್ಚ ಎಣಿಸಿದ. ಆ ದಿನವೆಲ್ಲ, ಅದರ ಮರುದಿನವೂ ಅವಳು ಆ ಮಾತೆತ್ತಲಿಲ್ಲ.

ಹೋಗುವ ದಿನ ಬೆಳಿಗ್ಗೆ ಸರೋಜ ಮಗುವಿನ ಜೊತೆ ಮನೆಯಲ್ಲೇ ಉಳಿದಳು. ಬಚ್ಚ ಮಗಳ ಕೈ ಹಿಡಿದು ದೋಣಿ ಕಟ್ಟುವ ದಕ್ಕೆಗೆ ಇಳಿದರೆ, ಅವನ ದೋಣಿಯಲ್ಲಿ ಅಮ್ಮಣ್ಣಿ ಆಗಲೇ ಕೂತಿದ್ದಳು. ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು.

"ನೀ ಎಲ್ಲಿಗಬ್ಬಿ?"

"ದಾಟುಕಾಗ ಅಂದ್ ಹೇಳದ್ದ್ ನಾನೇ ಅಲ್ದಾ? ಅವ್ಳ್ ದಾಟುದಾರೆ ನಾನೂ ದಾಟ್ತೆ. ಆಪುದಿದ್ರೆ ನಂಗೇ ಆಯ್ಲಿ." ಆಮೇಲೆ ಮೊಮ್ಮಗಳನ್ನು ಗದರಿದಳು: "ಎಂತ ಕಾಣ್ತೆ? ಬಾ, ಈ ಬದಿಗ್ ಕೂಕೊ."

ಬಚ್ಚ ದೋಣಿ ತಳ್ಳಿದ. ಅಳಿವೆಯ ಕಡೆಯಿಂದ ಗಾಳಿ ಬರುತ್ತಿತ್ತು. ಅಮ್ಮಣ್ಣಿ ಅದು ಬರುವ ಕಡೆಗೆ ಜರುಗಿ ಕೂತು, ಸೀರೆಯ ಸೆರಗನ್ನು ಬಿಚ್ಚಿ ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದಳು. ಸೆರಗಿನ ಮರೆಯಲ್ಲಿ ಪೂಜಿತಾ ಮುದುಕಿಯ ಭುಜಕ್ಕೆ ತಲೆಯಿಟ್ಟು ಕೂತಳು. ನಡು ಹೊಳೆಗೆ ಬರುವಾಗ ಗಾಳಿ ಜೋರಾಯಿತು, ಮುದುಕಿಯ ತೋಳು ನಡುಗತೊಡಗಿತು. "ಕೈ ಇಳ್ಸ್ ಅಬ್ಬಿ" ಎಂದ ಬಚ್ಚ. ಕುಂದಾಪುರದ ದಡಕ್ಕೆ ದೋಣಿ ತಾಗುವವರೆಗೂ ಅವಳು ಇಳಿಸಲಿಲ್ಲ.