ಎಡಮಗ್ಗುಲ ಪೈಪು

ಸೊರಬದ ರಸ್ತೆಯಲ್ಲಿ ನಾಗರಾಜನ ವ್ಯಾನು ಬರುತ್ತಿದೆ ಎಂಬುದು ಶಿಕಾರಿಪುರದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಚನ್ನೇಶನಿಗೆ. ಕಪ್ಪು ಕನ್ನಡಕ ಹಾಕಿಕೊಂಡು ಯಾರದೋ ಟ್ರೇಲರಿನ ಕೊಂಡಿ ಬೆಸೆಯುತ್ತಿದ್ದರೂ ಸರಿ, ಆ ಸದ್ದು ಕೇಳಿಸಿತೆಂದರೆ ಅವನ ಕೈ ನಿಂತುಬಿಡುತ್ತಿತ್ತು. ಬೇರೆ ವ್ಯಾನುಗಳು ಕೆಮ್ಮುತ್ತಿದ್ದವು, ಗೊರಕೆ ಹೊಡೆಯುತ್ತಿದ್ದವು. ಇದು ಮಾತ್ರ ಎಲ್ಲೂ ತಡವರಿಸದೆ, ನುರಿತ ಭಜನೆಯವನ ತಗ್ಗು ದನಿಯಂತೆ, ಒಂದೇ ಎಳೆಯಾಗಿ ಬರುತ್ತಿತ್ತು.

ಆ ಸದ್ದಿನ ಹೊಗೆಪೈಪು ಚನ್ನೇಶನ ಕೈಯದಲ್ಲ, ಸೊರಬದ ಅರುಣನದು. ಸಂಕಟ ಇದ್ದದ್ದೇ ಅಲ್ಲಿ.

"ಬಂದ್ಳು ನೋಡ್ರಿ ನನ್ನ ಸವತಿ," ಎನ್ನುತ್ತಿದ್ದಳು ಹೆಂಡತಿ ನೀಲಾಂಬಿಕ, ಅಂಗಡಿಯ ಹಿಂದಿನ ಅಡುಗೆಮನೆಯಿಂದ. "ನನ್ನ ದನಿಗೆ ಒಂದಿನಾನೂ ಹಿಂಗೆ ಕಿವಿ ಕೊಟ್ಟಿಲ್ಲ ನೀವು."

ನಾಗರಾಜ ಹಳೆಯ ಮೆಟಡೋರ್ ಒಂದನ್ನು ಕೊಂಡು ಮದುವೆ ದಿಬ್ಬಣಕ್ಕೆಂದೇ ಅದನ್ನು ಬೇರೆ ಗಾಡಿಯಾಗಿ ಮಾಡಿಸಿದ್ದ. ಎತ್ತರಿಸಿದ ಚಾವಣಿ, ಕೆಂಪು ರೆಕ್ಸಿನ್ ಸೀಟು, ಕಪ್ಪು ಗಾಜು, ಹಾಡು ಹಾಕಲು ಟೇಪ್. ಚಾವಣಿಯ ಕಂಬಿ, ಮೇಲಿನ ಕ್ಯಾರಿಯರ್, ಹತ್ತುವ ಮೆಟ್ಟಿಲು ಎಲ್ಲವೂ ಚನ್ನೇಶನ ಬೆಸುಗೆ. ಸೈಲೆನ್ಸರಿನ ಸರದಿ ಬಂದಾಗ ಮಾತ್ರ ನಾಗರಾಜ ಎಲೆಯಡಿಕೆ ಜಗಿಯುತ್ತಾ, "ಪೈಪಿನ ಕೆಲಸ ಅರುಣಂದೇ ಆಗ್ಬೇಕಪ್ಪ," ಎಂದಿದ್ದ. ಉಂಡ ಮನೆಯಲ್ಲೇ ಕೂತು ಪಕ್ಕದ ಮನೆಯ ಸಾರು ಹೊಗಳಿದ ಹಾಗೆ.

ಚನ್ನೇಶ, ಅರುಣ ಇಬ್ಬರೂ ಮಾರಪ್ಪ ಮೇಸ್ತ್ರಿಯ ಶಿಷ್ಯರು. ಅರುಣ ಆಮೇಲೆ ಬಂದವನು. ಪೈಪನ್ನು ನಗ್ಗದಂತೆ ಬಗ್ಗಿಸುವುದು ಹೇಗೆಂದು ಅವನಿಗೆ ತೋರಿಸಿಕೊಟ್ಟವನೇ ಚನ್ನೇಶ: ಚೆನ್ನಾಗಿ ಹುರಿದ ಒಣ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಜಡಿದು, ಕೆಂಪಗೆ ಕಾಯಿಸಿ, ಅವಸರ ಮಾಡದೆ ಎಳೆಯಬೇಕು. ಒಳಗಿನ ಮರಳು ಪೈಪಿನ ಹೊಟ್ಟೆ ಕುಸಿಯಲು ಬಿಡುವುದಿಲ್ಲ. ಈಗ ಅದೇ ಅರುಣ ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಹಾಕಿಕೊಂಡಿದ್ದ. ಸಾಗರ, ಹಾನಗಲ್ಲಿನಿಂದಲೂ ವ್ಯಾನಿನವರು ಅವನಲ್ಲಿಗೆ ಬರುತ್ತಿದ್ದರಂತೆ.

ಒಂದು ದಿನ ಮೆಟ್ಟಿಲು ಅಲ್ಲಾಡುತ್ತಿದೆ ಎಂದು ನಾಗರಾಜ ವ್ಯಾನು ತಂದು ನಿಲ್ಲಿಸಿದ. ಚನ್ನೇಶ ಗೋಣಿಚೀಲ ಹಾಸಿ ಕೆಳಗೆ ತೂರಿಕೊಂಡ. ಮೆಟ್ಟಿಲಿನ ಬೋಲ್ಟು ಬಿಗಿಯಲು ಒಂದು ಗಳಿಗೆ ಸಾಕಾಗಿತ್ತು. ಆಮೇಲೆ ಅಂಗಾತ ಮಲಗಿಯೇ ಪೈಪನ್ನು ನೋಡಿದ.

ಎಲ್ಲರೂ ಪೈಪನ್ನು ಹಿಂದಿನ ಆಕ್ಸಲ್ ಮೇಲೆ ಹತ್ತಿಸಿ, ಇಳಿಸಿ, ಬಾಲದ ಹತ್ತಿರ ಹೊರಗೆ ಬಿಡುತ್ತಾರೆ. ಅಷ್ಟೂ ತಿರುವುಗಳಲ್ಲಿ ಹೊಗೆ ಮುಗ್ಗರಿಸುತ್ತದೆ, ಇಂಜಿನ್ನಿನ ಉಸಿರು ಕಟ್ಟುತ್ತದೆ. ಅರುಣ ಆ ಗೋಜಿಗೇ ಹೋಗಿರಲಿಲ್ಲ. ಹಿಂದಿನ ಚಕ್ರಕ್ಕೆ ಮುಂಚೆಯೇ ಪೈಪನ್ನು ಓರೆಯಾಗಿ ತಿರುಗಿಸಿ, ಮೂಲೆಯೇ ಇಲ್ಲದ ಉದ್ದನೆಯ ಬಾಗಿನಲ್ಲಿ ಬಲಮಗ್ಗುಲಿಗೆ ತಂದು ಬಿಟ್ಟಿದ್ದ.

ನೋಡುತ್ತಾ ನೋಡುತ್ತಾ ಚನ್ನೇಶ ಗುರುತು ಹಿಡಿದ. ಈ ಬಾಗು ತನ್ನದು! ಹಿಂದೊಮ್ಮೆ ಅಂಬ್ಲಿಗೊಳದ ಕಾಲುವೆಯ ತೂಬಿಗೆ ಬಾಗಿಲು ಕೂರಿಸಲು ಮಾರಪ್ಪ ಇಬ್ಬರನ್ನೂ ಕರೆದುಕೊಂಡು ಹೋಗಿದ್ದ. ನೆಟ್ಟಗೆ ಅಡ್ಡ ಕಡಿದ ಕವಲು ಕಾಲುವೆಯ ಬಾಯಲ್ಲಿ ನೀರು ಸುಳಿ ಸುತ್ತಿ ಹಿಂದಕ್ಕೆ ತಳ್ಳುತ್ತಿತ್ತು, ಓರೆಯಾಗಿ ತೆಗೆದದ್ದರಲ್ಲಿ ಸರಾಗ ಹರಿಯುತ್ತಿತ್ತು. "ನೀರಿಗೆ ಮೂಲೆ ಕಂಡ್ರೆ ಆಗಲ್ಲ ನೋಡೋ. ಹೊಗೆಗೂ ಹಂಗೇ ಇರ್ಬೇಕು," ಎಂದಿದ್ದ ಚನ್ನೇಶ. ಅರುಣ ಏರಿಯ ಮೇಲೆ ಮಂಡಕ್ಕಿ ತಿನ್ನುತ್ತಾ ಸುಮ್ಮನೆ ನಕ್ಕಿದ್ದ. ಮಾತು ಆಡಿದವನು ಮರೆತ, ಮಂಡಕ್ಕಿ ತಿಂದವನು ಪೈಪು ಮಾಡಿದ.

"ನಿದ್ದಿ ಹೋದೇನೋ ಒಳಗೆ?" ನಾಗರಾಜ ಟೈರಿಗೆ ಒದ್ದ.

ಆಮೇಲೆ ಊಟಕ್ಕೆ ಕೂತಾಗ, ಸಂತೆಗೆ ಹೋದಾಗ ಚನ್ನೇಶನ ತಲೆಯಲ್ಲಿ ಅದೇ ಬಾಗು. ಅದರಲ್ಲಿ ಒಂದು ತಪ್ಪು ಹುಡುಕಿದ. ಹುಡುಕುವವನಿಗೆ ಸಿಗದೆ ಇರುತ್ತದೆಯೇ? ಇಂಜಿನ್ನಿನಿಂದ ಹೊಗೆ ಹೊರಡುವುದು ಎಡಗಡೆಯಿಂದ. ಅರುಣ ಅದನ್ನು ಅಡ್ಡ ದಾಟಿಸಿ ಬಲಗಡೆಗೆ ಯಾಕೆ ಒಯ್ದ? ಎಡಕ್ಕೇ ಬಿಟ್ಟಿದ್ದರೆ ಒಂದೇ ಬಾಗು ಸಾಕಿತ್ತು. ಇಷ್ಟು ಸಣ್ಣ ವಿಷಯ ಅವನಿಗೆ ಹೊಳೆಯಲಿಲ್ಲವಲ್ಲ! ಅಂದು ಚನ್ನೇಶ ನೀಲಾಂಬಿಕಳಿಂದ ಕೇಳಿ ಎರಡನೇ ರೊಟ್ಟಿ ಹಾಕಿಸಿಕೊಂಡ. ಅರುಣ ಹಾಗೇಕೆ ಮಾಡಿರಬಹುದೆಂದು ಒಂದು ಕ್ಷಣವೂ ಯೋಚಿಸಲಿಲ್ಲ. ಹೊಟ್ಟೆಕಿಚ್ಚಿನವನಿಗೆ ಎದುರಾಳಿಯ ತಪ್ಪು ದೇವರ ಪ್ರಸಾದದಂತೆ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ.

ವೈಶಾಖದ ಲಗ್ನಗಳ ಹೊತ್ತಿಗೆ ನಾಗರಾಜ ಎರಡನೇ ವ್ಯಾನು ತಂದ. ಇದರ ಪೈಪೂ ಸೊರಬಕ್ಕೆ ಹೋದರೆ ಊರಿನ ಉಳಿದ ವ್ಯಾನುಗಳೂ ಅದರ ಹಿಂದೆ ಹೋಗುತ್ತವೆ, ತನಗೆ ಟ್ರೇಲರಿನ ಕೊಂಡಿಗಳೇ ಗತಿ ಎಂಬುದು ಚನ್ನೇಶನಿಗೆ ಗೊತ್ತಿತ್ತು.

"ನಾಗಣ್ಣ, ಇದನ್ನ ನನಗೆ ಬಿಡು."

"ಅರುಣನ ಹಂಗೆ ಮಾಡ್ತೀಯೇನು?"

"ಅವನ ಹಂಗೆ ಯಾಕೆ ಮಾಡ್ಲಿ? ಅವನಿಗಿಂತ ಚಲೋ ಮಾಡ್ತೀನಿ. ಸರಿಯಾಗಲಿಲ್ಲ ಅಂದ್ರೆ ಊರ ಮುಂದೆ ನನ್ನ ಹೆಸರು ಹಿಡಿದು ಬೈಯಿ."

"ಬೈಯೋಕೆ ನಿನ್ನ ಅಪ್ಪಣೆ ಬೇಕೇನೋ ನನಗೆ?" ಎಂದು ನಾಗರಾಜ ಕೀಲಿ ಕೊಟ್ಟ.

ಚನ್ನೇಶ ಮರಳನ್ನು ಎರಡು ಸಲ ಹುರಿದ. ಪೈಪನ್ನು ಒಂದೇ ಉಸಿರಿಗೆ ಬಗ್ಗಿಸಿದ. ಎಡಮಗ್ಗುಲಲ್ಲಿ, ಜನ ಹತ್ತುವ ಬಾಗಿಲಿನ ಕೆಳಗೆ, ಅದರ ಬಾಯನ್ನು ಮೇಲ್ಮುಖವಾಗಿ ಓರೆ ಕೊಯ್ದು ಉಜ್ಜಿ ಹೊಳಪು ಕೊಟ್ಟ. ಇಂಜಿನ್ ಚಾಲೂ ಮಾಡಿದಾಗ ಅವನಿಗೇ ನಂಬಿಕೆ ಬರಲಿಲ್ಲ. ಅರುಣನದು ತಗ್ಗು ದನಿಯಾದರೆ ಇದು ಅದಕ್ಕೂ ಕೆಳಗಿನದು, ಇನ್ನೂ ಹಗುರ. ತೊಗರ್ಸಿಯವರೆಗೆ ಓಡಿಸಿ ಬಂದ ನಾಗರಾಜ ಇಳಿದವನೇ, "ಏರಿನಾಗೆ ಗೇರು ಕೇಳಲೇ ಇಲ್ಲಲ್ಲೋ ಇದು!" ಎಂದು ಬೆನ್ನು ತಟ್ಟಿದ.

ಆ ವ್ಯಾನಿಗೆ ಮೊದಲು ಸಿಕ್ಕಿದ ಬಾಡಿಗೆ ಸೊರಬದ್ದೇ. ಗಂಡಿನವರು ಶಿಕಾರಿಪುರದವರು, ಹುಡುಗಿ ಸೊರಬದ ಚೈತ್ರಶ್ರೀ. ಅವಳ ಮನೆ ಅರುಣನ ಅಂಗಡಿಯಿಂದ ಕೂಗಳತೆಯಲ್ಲಿತ್ತು. ನಾಗರಾಜನೂ ಹೊರಟಿದ್ದ; ಚನ್ನೇಶ ಯಾರೂ ಕರೆಯದಿದ್ದರೂ ಡ್ರೈವರ್ ಪಕ್ಕ ಹತ್ತಿ ಕೂತ. ಅರುಣ ಈ ಸದ್ದು ಕೇಳಬೇಕು, ಕೇಳುವಾಗ ಅವನ ಮುಖವನ್ನು ತಾನು ನೋಡಬೇಕು. ಬೇರೆ ಆಸೆ ಇರಲಿಲ್ಲ.

ಅರುಣ ಅಲ್ಲೇ ಚಪ್ಪರದಲ್ಲಿ ಬಡಿಸುತ್ತಿದ್ದ. ವ್ಯಾನಿನ ಸದ್ದಿಗೆ ಸಾರಿನ ಬಕೆಟ್ ಹಿಡಿದುಕೊಂಡೇ ಹೊರಗೆ ಬಂದ. "ಏನು ಸ್ವರ ಮಾರಾಯ್ರೆ! ಚನ್ನೇಶಣ್ಣ, ನೀವೇ ಮಾಡಿದ್ದಾ?" ಎಂದ. ಮುಖದಲ್ಲಿ ಸಂತೋಷ ಬಿಟ್ಟರೆ ಏನೂ ಕಾಣಲಿಲ್ಲ. ಚನ್ನೇಶನಿಗೆ ನಿರಾಸೆಯಾಯಿತು. ಅರುಣ ಬಗ್ಗಿ ನೋಡಿದ. "ಎಡಕ್ಕೆ ತಂದ್ರಾ?" ಎಂದವನು ಇನ್ನೇನೋ ಹೇಳಲು ಬಾಯಿ ತೆರೆದ.

"ನಿನಗೆ ಹೊಳೀಲಿಲ್ಲ ಅಲ್ವಾ?" ಎಂದು ಚನ್ನೇಶ ಒಳಗೆ ಊಟಕ್ಕೆ ಹೋದ.

ಹೆಣ್ಣನ್ನು ಕಳಿಸಿಕೊಡುವ ಹೊತ್ತಾಯಿತು. ನಾಗರಾಜನ ಗಾಡಿಗಳದ್ದೊಂದು ನೇಮವಿತ್ತು: ಮದುಮಗಳು ಹತ್ತುವಾಗ ಇಂಜಿನ್ ಓಡುತ್ತಿರಬೇಕು. ಹಿಂದೊಮ್ಮೆ ಅವಳು ಕಾಲಿಟ್ಟ ಮೇಲೆ ಗಾಡಿ ಚಾಲೂ ಆಗದೆ, ಹೊಸ್ತಿಲು ದಾಟಿದ ಹೆಣ್ಣು ಮತ್ತೆ ಇಳಿದು ಮನೆಯೊಳಗೆ ಹೋಗಬೇಕಾಗಿ ಬಂದು, ಅವನು ಎರಡೂ ಕಡೆಯವರಿಂದ ಬೈಸಿಕೊಂಡಿದ್ದ. ಡ್ರೈವರ್ ಇಂಜಿನ್ ಹಚ್ಚಿಯೇ ಕೂತಿದ್ದ. ಚೈತ್ರಶ್ರೀ ಅಳುತ್ತಾ ಗಾಡಿಯ ಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಅವಳ ದೊಡ್ಡಮ್ಮ ರಾಜೇಶ್ವರಮ್ಮ ಆರತಿ ತಟ್ಟೆ ಹಿಡಿದು ಗಾಡಿಯ ಎಡಮಗ್ಗುಲಲ್ಲಿ ನಿಂತರು.

ತಟ್ಟೆ ಕೆಳಗಿಂದ ಮೇಲಕ್ಕೆ ಏಳುವ ಮೊದಲೇ ದೀಪ ಆರಿತು.

"ಗಾಳಿ," ಎಂದರು ಯಾರೋ. ಮತ್ತೆ ಹಚ್ಚಿದರು. ಹೆಂಗಸರು ಹಾಡು ಎತ್ತಿಕೊಂಡರು. ಅವಸರವೆಂದು ಡ್ರೈವರ್ ಆಕ್ಸಿಲರೇಟರ್ ಒಮ್ಮೆ ಒತ್ತಿದ. ಪೈಪಿನ ಉಸಿರು ನೇರವಾಗಿ ತಟ್ಟೆಗೆ ಹೊಡೆಯಿತು. ದೀಪ ಆರಿದ್ದಲ್ಲದೆ ರಾಜೇಶ್ವರಮ್ಮನ ಹಸಿರು ರೇಷ್ಮೆಯ ನೆರಿಗೆಯ ಮೇಲೆ ಮಸಿ ಚೆಲ್ಲಿದಂತಾಯಿತು. ಹಾಡು ನಿಂತಿತು. ಮದುಮಗಳ ಅಳು ಬೇರೆಯದೇ ಅಳುವಾಯಿತು.

"ಎರಡು ಸಲ ಆರಿಹೋತಲ್ಲೇ ದೀಪ! ಇದೆಂಥಾ ಗಾಡಿ ತಂದೀರಿ?" ರಾಜೇಶ್ವರಮ್ಮ ಕೂಗಿದರು. "ಹೆಣ್ಣು ಕಳಿಸೋಕೆ ಬಂದೀರೋ, ಒಲೆ ಊದೋಕೆ ಬಂದೀರೋ?"

"ಆಫ್ ಮಾಡೋ!" ಎಂದ ಒಬ್ಬ.

"ಮಾಡಬ್ಯಾಡ, ಅವಳು ಕಾಲಿಟ್ಟಾಗೈತಿ!" ಎಂದ ನಾಗರಾಜ. ಅವನ ಕಣ್ಣು ಗುಂಪಿನಲ್ಲಿ ಚನ್ನೇಶನನ್ನು ಹುಡುಕಿತು. "ಬಾಗಿಲ ಕಡೆ ಬಿಟ್ಟೀಯಲ್ಲೋ! ಬುದ್ಧಿ ಎಲ್ಲಿಟ್ಟಿದ್ದೆ?"

ಚನ್ನೇಶನಿಗೆ ಆಗ ತಿಳಿಯಿತು. ಅರುಣ ಬಲಕ್ಕೆ ಯಾಕೆ ಒಯ್ದಿದ್ದನೆಂಬುದು, ಬಗ್ಗಿ ನೋಡಿ ಏನು ಹೇಳಹೊರಟಿದ್ದನೆಂಬುದು, ಎರಡೂ ಒಟ್ಟಿಗೆ.

ಅರುಣ ಆಗಲೇ ಚಪ್ಪರದ ಬಾಳೆಕಂಬದಿಂದ ಒಂದು ದಪ್ಪ ಹಸಿ ಪಟ್ಟೆ ಸುಲಿದು ತಂದಿದ್ದ. ಅದನ್ನು ಪೈಪಿನ ಬಾಯಿಗೆ ಮುಚ್ಚಿ, ಹೊಗೆಯನ್ನು ನೆಲಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ಒತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತ. ಪಟ್ಟೆ ಚುಂಯ್ ಎಂದು ಬೇಯತೊಡಗಿತು. "ಬೆಳಗ್ರಿ ದೊಡ್ಡಮ್ಮ, ಬೇಗ ಬೆಳಗ್ರಿ," ಎಂದ. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ ನಾಗರಾಜನತ್ತ ತಿರುಗಿದ. "ಚನ್ನೇಶಣ್ಣಂಗೆ ಬೈಬೇಡಿ ಮಾರಾಯ್ರೆ. ಓರೆ ಬಾಗಿನ ಉಪಾಯ ಹೇಳಿದ್ದೇ ಅವರು, ಅಂಬ್ಲಿಗೊಳದ ಕಾಲುವೆ ಮೇಲೆ. ನಾನು ಬಂದೋರಿಗೆಲ್ಲ ಹೇಳ್ತೀನಿ, ಈ ವಿದ್ಯೆ ಅವರದು ಅಂತ."

ಊರಿನ ಮುಂದೆ ಕೇಳಬೇಕೆಂದು ಚನ್ನೇಶ ಹಂಬಲಿಸಿದ್ದ ಮಾತು ಅದು. ಜನರೆಲ್ಲ ತಿರುಗಿ ಅವನನ್ನು ನೋಡಿದರು, ಆಮೇಲೆ ಮಸಿಯಾದ ಸೀರೆಯನ್ನು ನೋಡಿದರು. ಮೂರನೇ ದೀಪ ಉರಿಯಿತು, ಬೆಳಗಿತು, ಆರಲಿಲ್ಲ. ಅರುಣನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಆ ಬೊಬ್ಬೆಯ ಮೇಲೂ ಚನ್ನೇಶನಿಗೆ ಹೊಟ್ಟೆ ಉರಿಯಿತು. ಬಾಳೆಪಟ್ಟೆ ತನಗೇಕೆ ಹೊಳೆಯಲಿಲ್ಲ? ತನ್ನ ಕೈ ಸುಡಬೇಕಿತ್ತು.

ಮಾರನೆಯ ದಿನ ನಾಗರಾಜ ಪೈಪನ್ನು ಬಲಕ್ಕೆ ತಿರುಗಿಸೆಂದು ವ್ಯಾನು ತಂದು ಬಿಟ್ಟ. ಸೊರಬಕ್ಕೇ ಒಯ್ದಿದ್ದನಂತೆ. ಅರುಣ ಮುಟ್ಟದೆ, "ಅವರ ಕೆಲಸ, ಅವರೇ ಮಾಡ್ಲಿ," ಎಂದು ಹಿಂದಕ್ಕೆ ಕಳಿಸಿದ್ದ. ಇನ್ನೂ ಎರಡು ಬಾಗು ಹೆಚ್ಚಾಯಿತು. ಚನ್ನೇಶ ಎಷ್ಟು ಉದ್ದಕ್ಕೆ ಎಳೆದರೂ ಆ ಹಗುರ ದನಿ ಹೋಯಿತು. ಅದು ಹೋದದ್ದು ಊರಿನಲ್ಲಿ ಅವನೊಬ್ಬನಿಗೇ ಗೊತ್ತು.

ನಾಗರಾಜ ಒಂದು ಸುತ್ತು ಓಡಿಸಿ ಬಂದ. "ಈಗ ಸರಿಹೋತು ನೋಡು," ಎಂದ ಮನಸಾರೆ. "ಥೇಟ್ ಅರುಣನ ಪೈಪಿದ್ದಂಗೇ ಐತಿ!"

ಆಮೇಲೆ ಸೊರಬದ ರಸ್ತೆಯಲ್ಲಿ ಒಂದೇ ಥರದ ಎರಡು ವ್ಯಾನುಗಳು ಓಡಾಡತೊಡಗಿದವು. ಒಂದು ಸಂಜೆ ದೂರದಲ್ಲಿ ಸದ್ದಾದಾಗ ಚನ್ನೇಶನ ಕೈ ಎಂದಿನಂತೆ ನಿಂತಿತು. ನೀಲಾಂಬಿಕ ಒಳಗಿನಿಂದ ಕೇಳಿದಳು: "ಯಾವುದ್ರೀ ಬಂದಿದ್ದು, ನಿಮ್ದೋ ಅವಂದೋ?"

ಅವನು ಕಿವಿಗೊಟ್ಟ. ತಗ್ಗು ದನಿ, ಒಂದೇ ಎಳೆ, ಎಲ್ಲೂ ತಡವರಿಕೆಯಿಲ್ಲ.

"ನಂದು," ಎಂದ. ವ್ಯಾನು ಅಂಗಡಿಯ ಮುಂದೆ ದಾಟಿ ಹೋಗುವವರೆಗೂ ತಲೆ ಎತ್ತಲಿಲ್ಲ.