ಬಲಗಡೆಯ ಅರ್ಧ

ಈಗ ಎಲ್ಲಿ ನೋಡಿದರೂ ಸೊನ್ನೆ. ತಂಪು ಪಾನೀಯದ ಡಬ್ಬಿಯ ಮೇಲೆ ಸೊನ್ನೆ, ಹುಡುಗರ ಅಂಗಿಯ ಎದೆಯ ಮೇಲೆ ಸೊನ್ನೆ. ಸಕ್ಕರೆ ಸೊನ್ನೆ, ಕೊಬ್ಬು ಸೊನ್ನೆ. ನಮ್ಮ ಕಾಲದಲ್ಲಿ ಪರೀಕ್ಷೆಯಲ್ಲಿ ಅದು ಬಂದರೆ ಬೆನ್ನಿಗೆ ಏಟು ಬೀಳುತ್ತಿತ್ತು. ಈಗ ಒಬ್ಬ ಹುಡುಗಿ ತನ್ನ ಕಾಫಿ ಅಂಗಡಿಗೆ ‘ಸೊನ್ನೆ’ ಎಂದೇ ಹೆಸರಿಟ್ಟು, ಹೊರಗೋಡೆಯ ಮೇಲೆ ಎರಡಾಳೆತ್ತರದ ಸೊನ್ನೆ ಬರೆಯಲು ನನ್ನನ್ನು ಕರೆದಳು.

"ಹಳೇ ಸಿನಿಮಾ ಮಂದಿರದ ಗೋಡೆ ಮೇಲೆ ಸೊನ್ನೆ ಮೇಸ್ತ್ರಿ ಬರೆದಿದ್ದು ಇದೆಯಲ್ಲ ತಾತ, ಅಂಥದ್ದೇ ಬೇಕು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಾರೆ."

"ಅದರಲ್ಲಿ ಅರ್ಧ ನಾನು ಬರೆದಿದ್ದು."

"ಹೌದಾ? ಯಾವ ಅರ್ಧ?" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಸೊನ್ನೆ ಮೇಸ್ತ್ರಿ ನನ್ನ ಅಣ್ಣ. ಹೋದ ಚಳಿಗಾಲದಲ್ಲಿ ದೇವರ ಪಾದ ಸೇರಿದ. ನಾವಿಬ್ಬರೂ ಬೋರ್ಡು ಬರೆದೇ ಬದುಕಿದವರು. ಅವನು ಎಡಚ, ನಾನು ಬಲಗೈಯವನು. ದೊಡ್ಡ ಸೊನ್ನೆಗೆ ಎರಡು ಏಣಿ ಹಾಕಿ, ನೆತ್ತಿಯಲ್ಲಿ ಕುಂಚಕ್ಕೆ ಕುಂಚ ತಾಗಿಸಿ, ಅವನು ಎಡಕ್ಕೂ ನಾನು ಬಲಕ್ಕೂ ಗೆರೆ ಎಳೆಯುತ್ತ ಇಳಿದು ಬುಡದಲ್ಲಿ ಕೂಡುತ್ತಿದ್ದೆವು. ಇಳಿದ ಮೇಲೆ ಹೊಗಳಿಕೆಯೆಲ್ಲ ಅವನಿಗೆ. ನಾನು ಏಣಿ ಮಡಚುತ್ತಿದ್ದೆ. ಅವನನ್ನು ಮಣ್ಣು ಮಾಡಿ ಬಂದ ದಿನವೂ ಜನ ನನ್ನ ಕೈ ಹಿಡಿದು, "ಎಂಥಾ ಸೊನ್ನೆ ಬರೀತಿದ್ದರು!" ಎಂದೇ ಅತ್ತರು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದು, ದೇವರಿಗೆ ಮೆಚ್ಚದು ಎಂದು ದಿನವೂ ಪ್ರಾರ್ಥನೆಯಲ್ಲಿ ಹೇಳಿಕೊಳ್ಳುತ್ತೇನೆ. ಪ್ರಾರ್ಥನೆ ಮುಗಿಯುತ್ತದೆ, ಕಿಚ್ಚು ಮುಗಿಯುವುದಿಲ್ಲ.

ಈ ಸಲ ಇಡೀ ಸೊನ್ನೆ ನನ್ನದೇ ಆಗಬೇಕು, ಅದನ್ನು ನೋಡಿದವರು ನನ್ನ ಹೆಸರು ಹೇಳಬೇಕು ಎಂದುಕೊಂಡು ಏಣಿ ಹತ್ತಿದೆ. ಬಲಗಡೆ ನೀರು ಹರಿದಂತೆ ಇಳಿಯಿತು. ಎಡಕ್ಕೆ ಏಣಿ ಸರಿಸಿಕೊಂಡೆ. ಕೈ ಮೈಗೆ ಅಡ್ಡ ಬಂತು, ಗೆರೆ ಸೊಟ್ಟಗಾಯಿತು. ಒರೆಸಿ ಬರೆದೆ, ಮತ್ತೆ ಸೊಟ್ಟ.

ಅಷ್ಟರಲ್ಲಿ ಅತ್ತಿಗೆ ಬಂದರು. ನಾನು ಇಲ್ಲಿ ಸೊನ್ನೆ ಬರೆಯುತ್ತಿದ್ದೇನೆಂದು ಆಚೆ ಬೀದಿಯಲ್ಲಿ ಯಾರೋ ಹೇಳಿದ್ದರಂತೆ.

"ಏನಪ್ಪಾ, ಆ ಕಡೆ ಹೊಟ್ಟೆ ಒಳಗೆ ಹೋಗಿದೆ? ಉಪವಾಸ ಇದೆಯಾ ನಿನ್ನ ಸೊನ್ನೆ?" ಎಂದು ನಗಾಡಿದರು. ಆಮೇಲೆ ಬಲಗಡೆಗೆ ಬಂದರು. ಹಸಿ ಬಣ್ಣಕ್ಕೆ ತಾಗದಂತೆ ಗೆರೆಯ ಪಕ್ಕದಲ್ಲೇ ಬೆರಳಾಡಿಸಿದರು. "ಇದು ಮಾತ್ರ ಅವರ ಕೈಯೇ ಕಣಪ್ಪಾ. ಅವರೇ ಬಂದು ಬರೆದ ಹಾಗಿದೆ."

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಅದು ನನ್ನ ಕೈ ಅತ್ತಿಗೆ! ಯಾವಾಗಲೂ ಬಲಗಡೆ ಬರೆದವನು ನಾನು. ಅಣ್ಣ ಬರೀತಿದ್ದದ್ದು ಎಡಗಡೆ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಎಡಗಡೆಯ ಸೊಟ್ಟ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಇಲ್ಲಿ ಅವರು ಇಲ್ಲವೇ ಇಲ್ಲ," ಎಂದರು.

ಬೇಕಾಗಿದ್ದ ಮಾತು ಕಡೆಗೂ ನನಗೆ ಸಿಕ್ಕಿತ್ತು. ನುಂಗಲು ಆಗಲಿಲ್ಲ.

ಟರ್ಪೆಂಟೈನ್ ಬಟ್ಟೆ ತೆಗೆದುಕೊಂಡು ಎಡಗಡೆಯನ್ನು ಪೂರ್ತಿ ಒರೆಸಿದೆ. ಅಂಗಡಿಯ ಹುಡುಗಿ ಓಡಿ ಬಂದಳು. "ಅಯ್ಯೋ ತಾತ! ಅರ್ಧ ಸೊನ್ನೆ ಇಟ್ಟುಕೊಂಡು ನಾನೇನು ಮಾಡ್ಲಿ?"

"ನಾಳೆ ಬರ್ತೀನಮ್ಮಾ. ಎಡಗೈಯಲ್ಲಿ ಬರೀತೀನಿ. ಅಣ್ಣನ ಹಾಗೆ ಬರೋವರೆಗೂ ಬಿಡೋದಿಲ್ಲ."

ಮನೆಗೆ ಹೊರಡಲು ನಾನು ಏಣಿ ಎತ್ತಿದಾಗ ಅತ್ತಿಗೆ ಅದರ ಇನ್ನೊಂದು ತುದಿ ಹಿಡಿದರು. ನಾಳೆ ಆ ಗೆರೆ ಸರಿಯಾಗಿ ಬಂದರೆ ಅವರು ಅದರ ಮುಂದೆಯೇ ನಿಲ್ಲುತ್ತಾರೆ, ಬಲಗಡೆಗೆ ತಿರುಗಿಯೂ ನೋಡುವುದಿಲ್ಲ. ದಾರಿಯುದ್ದಕ್ಕೂ ಅದೊಂದೇ ನನ್ನನ್ನು ಸುಡುತ್ತಿತ್ತು.